ಪದ ಬೇಕು: ಸತ್ತ ಮೀನಿನ ಒಳಗು ತಾನೇ ಕರಗುವುದಕ್ಕೆ ಏನನ್ನೋಣ?

ವಿಜಯಪುರದಿಂದ:

ಎಲ್ಲರಿಗೂ ನಮಸ್ಕಾರ. ಸೋಮವಾರ ಸಂಜೆಯ ಒಳಗೆ ಒಂದು ಪದ ಬೇಕು. ಮಂಗಳವಾರ ಬೆಳಗ್ಗೆ ಗೋಡೆ ಬರೆಯುವವರು ಬರುತ್ತಾರೆ.

ಕೃಷಿಹೊಂಡದಲ್ಲಿ ರೋಹು, ಕಾಟ್ಲಾ, ಮೃಗಾಲ್ ಸಾಕುವ ರೈತರಿಗಾಗಿ ಒಂದು ಫಲಕ ಅನುವಾದ ಮಾಡುತ್ತಿದ್ದೇನೆ. ಮೀನಿಗೆ ರೋಗ ಬಂದರೆ ಪರೀಕ್ಷೆಗೆ ಜೀವ ಇರುವ ಮೀನನ್ನೇ ತನ್ನಿ, ಸತ್ತದ್ದು ಬೇಡ, ಅದರಲ್ಲಿ 'ಆಟೋಲಿಸಿಸ್' ಆಗಿರುತ್ತದೆ, ಇಷ್ಟೇ ವಿಷಯ. ಕರಡಿನಲ್ಲಿ 'ಸ್ವಯಂಲಯನ' ಅಂತ ಹಾಕಿದ್ದೆ. ಜೀವಕೋಶಗಳು ಕೂಡಿ ಆಗುವ 'ಟಿಶ್ಯೂ'ಗೆ 'ಅಂಗಾಂಶ' ಅಂತಿತ್ತು. ಮೂವರಿಗೆ ಓದಿಸಿದೆ, ಒಬ್ಬರಿಗೂ ತಿಳಿಯಲಿಲ್ಲ.

ದಯವಿಟ್ಟು 'ಕೊಳೆಯುವುದು' ಅಂತ ಮಾತ್ರ ಹೇಳಬೇಡಿ. ತೊಂದರೆ ಶುರುವಾದದ್ದೇ ಅಲ್ಲಿಂದ. ಹಳೆಯ ಫಲಕದಲ್ಲಿ 'ಕೊಳೆತ ಮೀನು ತರಬೇಡಿ' ಅಂತಿತ್ತು. ಹೋದ ತಿಂಗಳು ಇಂಡಿ ಕಡೆಯ ರೈತರೊಬ್ಬರು ಬೆಳಗ್ಗೆ ಸತ್ತ ರೋಹುವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬೈಕಿನಲ್ಲಿ ತಂದರು. ಎರಡು ತಾಸಿನ ದಾರಿ, ಮೇಲೆ ಬಿಸಿಲು. ವಾಸನೆ ಇರಲಿಲ್ಲ. ಕಣ್ಣು ಇನ್ನೂ ಹೊಳೆಯುತ್ತಿತ್ತು. ಆದರೆ ಕಿವಿರು ಎತ್ತಿ ನೋಡಿದ ಕೂಡಲೇ ಪರೀಕ್ಷೆ ಮಾಡುವವರು ಆಗುವುದಿಲ್ಲ ಅಂದುಬಿಟ್ಟರು. "ಕೊಳತಿಲ್ಲಲ್ರೀ" ಅಂತ ರೈತರು ಕೇಳಿದರು. ಅವರ ಮಾತು ಸರಿಯೇ ಇತ್ತು. ಮೀನು ಕೊಳೆತಿರಲಿಲ್ಲ. ಒಂದು ದಿನದ ಕೆಲಸ ಬಿಟ್ಟು ಬಂದವರು ಬರಿಗೈಲಿ ಹೋದರು. ಹೊಂಡದಲ್ಲಿ ಮೀನು ಸಾಯುತ್ತಲೇ ಇದ್ದವು.

ಬೆಳಗಾವಿಯಿಂದ:

ಪದ ಇದೆ. ಸ್ವಯಂಪಚನ. ಇದಕ್ಕೆ ಚರ್ಚೆ ಯಾಕೆ? ರೈತರಿಗೆ ತಿಳಿಯದಿದ್ದರೆ ತಿಳಿಸಿ. 'ವಿದ್ಯುತ್' ಕೂಡ ಮೊದಲು ಯಾರಿಗೂ ತಿಳಿದಿರಲಿಲ್ಲ. ಹಾಗೇ 'ಟಿಶ್ಯೂ'ಗೆ ಊತಕ ಅನ್ನಿ, ಅಂಗಾಂಶ ಬೇಡ.

ಜಮಖಂಡಿಯಿಂದ:

ಪಚನವೂ ಬೇಡ, ಲಯನವೂ ಬೇಡ. ಊಟ ಅರಗುತ್ತದೆ ಅಂತೀವಲ್ಲ, ಆ ಅರಗು ಸಾಕು. ತನ್ನ + ಅರಗು = ತನ್ನರಗು. 'ತನ್ನಾಳ್ವಿಕೆ' ಇದ್ದ ಹಾಗೆ. ಎರಡು ಕನ್ನಡದ ಬೇರು, ನಾಲ್ಕು ಅಕ್ಷರ, ಗೋಡೆಗೂ ಹಿಡಿಸುತ್ತದೆ. ಇರುವ ಬೇರನ್ನು ಬಿಟ್ಟು ಸಂಸ್ಕೃತದ ಸಾಲ ತರುವವರ ಜೊತೆ ನನಗೆ ಮಾತಿಲ್ಲ.

ಬೆಳಗಾವಿಯಿಂದ:

ಅರಗು ಅಂದರೆ ಬಳೆಗಾರರ ಅರಗು. 'ತನ್ನರಗು' ಓದಿದವರು ಮೀನಿಗೆ ಮೇಣ ಹಚ್ಚಬೇಕೇನೋ ಅಂದುಕೊಳ್ಳುತ್ತಾರೆ. ಬೇಡ.

ಗುಳೇದಗುಡ್ಡದಿಂದ:

ಊತಕದ ಬಗ್ಗೆ ಹೇಳಲೇಬೇಕು, ಇದು ನಮ್ಮ ಮನೆಯ ವಿಷಯ. ಸಂಸ್ಕೃತದಲ್ಲಿ 'ಊತ' ಅಂದರೆ ನೇಯ್ದದ್ದು. ಅದರಿಂದ ಊತಕ. ಇಂಗ್ಲಿಷಿನ ಟಿಶ್ಯೂ ಕೂಡ ಫ್ರೆಂಚಿನ ನೇಯ್ಗೆಯ ಪದದಿಂದಲೇ ಬಂದದ್ದು. ಅಲ್ಲಿಯವರೆಗೆ ಚೆಂದ. ಆದರೆ ಕನ್ನಡದವನ ಕಿವಿಗೆ 'ಊತ' ಅಂದರೆ ಊದಿಕೊಂಡದ್ದು, ಕಾಲೂತ, ಮುಖದ ಊತ. ಮೀನಿನ ರೋಗದ ಫಲಕದಲ್ಲಿ 'ಊತಕ' ಅಂತ ಬರೆದರೆ ಹೊಟ್ಟೆ ಊದಿದ ಮೀನು ಅಂತಲೇ ಓದುತ್ತಾರೆ. ಹೊಟ್ಟೆ ಊದುವ ರೋಗ ಬೇರೆಯೇ ಇದೆ. ಹಿಂದಿಯಿಂದ ಎತ್ತಿಕೊಂಡ ಪದ ಅದು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅಂಗಾಂಶವೇ ಇದೆ.

ಇನ್ನು 'ಲಿಸಿಸ್'. ಗ್ರೀಕಿನಲ್ಲಿ ಅದರ ಅರ್ಥ ಬಿಚ್ಚುವುದು, ಸಡಿಲಿಸುವುದು. ಅಂದರೆ ನೇಯ್ದದ್ದು ಬಿಚ್ಚಿಕೊಳ್ಳುತ್ತದೆ! ಮಗ್ಗದ ಮುಂದೆ ಬೆಳೆದವನಿಗೆ ಇದಕ್ಕಿಂತ ಸರಿಯಾದ ಮಾತು ಕಾಣುವುದಿಲ್ಲ. ಹಾಸು ಹೊಕ್ಕು ಎರಡೂ ಎಳೆಎಳೆಯಾಗಿ ಬಿಡುವುದು. 'ತಾಂಬಿಚ್ಚು' ಅನ್ನಿ.

ಬಸವನ ಬಾಗೇವಾಡಿಯಿಂದ:

ಸಾಲದ ಪದ ಬೇಡ ಅನ್ನುವವರಿಗೆ ಒಂದೇ ಪ್ರಶ್ನೆ. ಫಲಕ ಯಾರಿಗೆ? ರೈತರಿಗೆ. 'ರೈತ' ಬಂದದ್ದು ಅರಬ್ಬಿಯಿಂದ. ಜಮೀನು ಫಾರ್ಸಿಯಿಂದ, ಕುರ್ಚಿ ಅರಬ್ಬಿಯಿಂದ. ನಮ್ಮ ಕಡೆ ಐಸಿಗೆ ಬರ್ಫ ಅಂತೀವಿ, ಅದೂ ಫಾರ್ಸಿ. ಆದಿಲ್‌ಶಾಹಿಗಳ ಕಾಲದಿಂದ ಬಾಯಲ್ಲಿ ಇರುವ ಪದಗಳನ್ನು ಯಾರೂ ವಾಪಸ್ ಕೊಟ್ಟಿಲ್ಲ. 'ಆಟೋಲಿಸಿಸ್' ಅಂತಲೇ ಬರೆಯಿರಿ. ಹತ್ತು ಸಲ ಕೇಳಿದರೆ ಬರುತ್ತದೆ.

ಜಮಖಂಡಿಯಿಂದ:

ನಾನೂರು ವರ್ಷ ಬಾಯಲ್ಲಿ ಸವೆದ ಪದವೂ ನಿನ್ನೆ ಪುಸ್ತಕದಿಂದ ಇಳಿದ ಪದವೂ ಒಂದೇನಾ? ಬರ್ಫ ಜನ ತಂದದ್ದು. ಸ್ವಯಂಪಚನ ಸಮಿತಿ ತಂದದ್ದು.

ವಿಜಯಪುರದಿಂದ, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಸಾಲದ ಜಗಳ ಇವತ್ತು ಮುಗಿಯುವುದಿಲ್ಲ. ಗೋಡೆ ಮಾತ್ರ ನಾಳೆಯೇ ಬರೆಯಬೇಕು.

ಮೊದಲು ಆಗುವುದೇನು ಅಂತ ಹೇಳುತ್ತೇನೆ, ಪದ ಅದಕ್ಕೆ ಹೊಂದಬೇಕಲ್ವಾ. ಜೀವಕೋಶದೊಳಗೆ ಕಿಣ್ವ ತುಂಬಿದ ಸಣ್ಣ ಚೀಲಗಳಿವೆ, ಲೈಸೋಸೋಮ್ ಅಂತಾರೆ. ಮೀನು ಸತ್ತ ಮೇಲೆ ಆಮ್ಲಜನಕ ನಿಲ್ಲುತ್ತದೆ. ಆ ಚೀಲ ಒಡೆದು ಕಿಣ್ವ ಹೊರಗೆ ಬಂದು ತನ್ನ ಕೋಶವನ್ನೇ ತಿನ್ನಲು ಶುರುಮಾಡುತ್ತದೆ. ಇದಕ್ಕೆ ಹೊರಗಿನ ಯಾವ ಕ್ರಿಮಿಯೂ ಬೇಕಿಲ್ಲ. ಬ್ಯಾಕ್ಟೀರಿಯಾ ಬಂದು ನಾರುವಂತೆ ಮಾಡುವುದು ಆಮೇಲಿನ ಮಾತು, ಕೊಳೆಯುವುದು ಅಂದರೆ ಅದು. ಕರುಳು, ಕಿವಿರು, ಮೂತ್ರಪಿಂಡ ಮೊದಲು ಹೋಗುತ್ತವೆ. ಮೀನಿನ ಮೈ ನೀರಿನಷ್ಟೇ ಬಿಸಿ ಇರುತ್ತದೆ, ನಮ್ಮ ಬೇಸಿಗೆಯ ಹೊಂಡದಲ್ಲಿ ಇದೆಲ್ಲ ಬೇಗ ಬೇಗ ಆಗುತ್ತದೆ. ಸಂತೆಯಲ್ಲಿ ಸೆಟೆದು ನಿಂತ ಮೀನನ್ನು ತಾಜಾ ಅಂತ ಕೊಳ್ಳುತ್ತೀವಿ, ಸಾರಿಗೆ ಅದು ತಾಜಾ ಹೌದು. ಸೂಕ್ಷ್ಮದರ್ಶಕದ ಗಾಜಿಗೆ ಆ ಹೊತ್ತಿಗೇ ತಡವಾಗಿರುತ್ತದೆ. ರೋಗದಿಂದ ಕೆಟ್ಟ ಕೋಶ ಯಾವುದು, ಸತ್ತ ಮೇಲೆ ಕೆಟ್ಟದ್ದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ.

ನಿನ್ನೆ ಆ ಇಂಡಿಯ ರೈತರ ಹೊಂಡಕ್ಕೇ ಹೋಗಿದ್ದೆ. ನಿಮ್ಮ ಪದಗಳನ್ನೆಲ್ಲ ಒಂದೊಂದಾಗಿ ಹೇಳಿದೆ. 'ಪಚನ' ಅವರಿಗೆ ಚೆನ್ನಾಗಿ ಗೊತ್ತು, ಉಂಡದ್ದು ಪಚನ ಆಗಿಲ್ಲ ಅಂತ ದಿನಾ ಅನ್ನುವವರು. ಆದರೆ "ಪಚನ ಹೊಟ್ಟಿ ಒಳಗ ಆಗೂದು, ಸತ್ತ ಮ್ಯಾಲ ಎಲ್ಲೀದು?" ಅಂದರು. 'ತಾಂಬಿಚ್ಚು' ಕೇಳಿ ಬಲೆಯ ಕಡೆ ನೋಡಿದರು. 'ತನ್ನರಗು' ಎರಡು ಸಲ ಹೇಳಬೇಕಾಯಿತು. ಆಮೇಲೆ ಅವರೇ ದಂಡೆಯಲ್ಲಿ ಬಿದ್ದಿದ್ದ ಒಂದು ಮೀನನ್ನು ತಂದು ಕುಡುಗೋಲಿನಿಂದ ಹೊಟ್ಟೆ ಸೀಳಿದರು. ಹೊರಗೆ ಹೊಳಪು ಹಾಗೇ ಇದೆ. ಒಳಗೆ ಬೆರಳಿಟ್ಟರೆ ಪಿತ್ತಜನಕಾಂಗ ಅಂಟಿಕೊಂಡು ಬಂತು, ಕರುಳು ಎತ್ತಿದ ಕಡೆಯೇ ಹರಿಯಿತು. ಬೆರಳನ್ನು ನನ್ನ ಮುಂದೆ ಹಿಡಿದು ಅಂದರು: "ಕೊಳತಿಲ್ಲ. ಒಳಗ ಕರಗ್ಯಾದ ನೋಡ್ರಿ."

ಕರಗು! ಉಂಡದ್ದೂ ಕರಗುತ್ತದೆ, ಬರ್ಫವೂ ಕರಗುತ್ತದೆ. ಪಚನದ ಅರ್ಥ ಬಂತು, ಲಯನದ ಅರ್ಥವೂ ಬಂತು. ನಾಮಪದ ಬೇಕು ಅನ್ನುವವರಿಗೆ 'ಒಳಗರಗು' ಇರಲಿ. ಗೋಡೆಗೆ ಕ್ರಿಯಾಪದವೇ ಸಾಕು. ಅಂಗಾಂಶ ಅನ್ನುವ ಪದವನ್ನೂ ತೆಗೆದೆ. ಅದರ ಜಾಗದಲ್ಲಿ ಕರುಳು, ಕಿವಿರು ಅಂತ ಹೆಸರೇ ಹಾಕಿದ್ದೇನೆ. ಬರೆಸುತ್ತಿರುವುದು ಇದು:

'ರೋಗದ ಮೀನನ್ನು ಜೀವ ಇರುವಾಗಲೇ ತನ್ನಿ. ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್. ಸತ್ತ ಮೀನು ನಾರದಿದ್ದರೂ ಅದರ ಕರುಳು, ಕಿವಿರು ಒಳಗೇ ಕರಗಿರುತ್ತವೆ. ರೋಗ ಗೊತ್ತಾಗುವುದಿಲ್ಲ. ಈಗಷ್ಟೇ ಸತ್ತಿದ್ದರೆ ಬರ್ಫದ ನಡುವೆ ಇಟ್ಟು ಕೂಡಲೇ ತನ್ನಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ.'

ಕೊನೆಯ ಸಾಲು ಯಾಕೆ ಅಂತ ಕೆಲವರು ಕೇಳಬಹುದು. ಗಟ್ಟಿಯಾದಾಗ ಒಳಗಿನ ನೀರು ಹರಳಾಗಿ ಕೋಶವನ್ನು ಹರಿದುಹಾಕುತ್ತದೆ.

ಜಮಖಂಡಿಯಿಂದ:

ಒಳಗರಗು ನನಗೆ ಒಪ್ಪಿಗೆ. ಅರಗು ಅದರೊಳಗೇ ಕೂತಿದೆ.

ವಿಜಯಪುರದಿಂದ:

ಇಲ್ಲ, ಅದು ಒಳ + ಕರಗು. ಕಕಾರ ಗಕಾರ ಆಗಿದೆ ಅಷ್ಟೇ.

ಬೆಳಗಾವಿಯಿಂದ:

ಗೋಡೆಗೆ ಆಗಬಹುದು. ಪಠ್ಯಕ್ಕೆ ಸ್ವಯಂಪಚನವೇ.