ಆರರಲ್ಲಿ ಎರಡು

"ಎರಡು ಆರಿಸಬೇಕಂತೆ ಮೇಷ್ಟ್ರೇ," ಎಂದರು ಮಂಡಿ ಸಾಹುಕಾರರು.

"ಮಿರ್ಚಿ ತಾನೇ? ನನಗೆ ಮೂರು ಹೇಳಿ," ಎಂದ ಎಲ್‌ಐಸಿ ಅಣ್ಣ.

"ಮಿರ್ಚಿ ಅಲ್ಲಪ್ಪ, ಮಗಳ ಬಿಬಿಎ! ನಾಲ್ಕನೇ ಸೆಮಿಸ್ಟರ್ ಮುಗೀತು. ಐದಕ್ಕೆ ಸ್ಪೆಷಲೈಸೇಶನ್ ಅಂತೆ. ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್, ಡೇಟಾ ಅನಾಲಿಟಿಕ್ಸ್, ರಿಟೇಲ್, ಲಾಜಿಸ್ಟಿಕ್ಸ್. ಈ ಆರರಲ್ಲಿ ಎರಡು ಗುಂಪು ತಗೋಬೇಕು. ಐದರಲ್ಲಿ ಹಿಡಿದದ್ದನ್ನೇ ಆರನೇ ಸೆಮಿಸ್ಟರಿನಲ್ಲೂ ಓದಬೇಕಂತೆ. ನಡುವೆ ಬದಲಾಯಿಸೋ ಹಾಗಿಲ್ಲ."

ದಾವಣಗೆರೆಯ ಮಂಡಕ್ಕಿ ಅಂಗಡಿಯ ಬೆಂಚಿನಿಂದ ಸಲಹೆ ಕೊಡದೆ ಎದ್ದು ಹೋದವರು ಯಾರೂ ಇಲ್ಲ. ಅವತ್ತು ನಾವು ನಾಲ್ಕು ಜನ ಇದ್ದೆವು. ಮೆಕ್ಕೆಜೋಳದ ಮಂಡಿ ಇಟ್ಟಿರುವ ಸಾಹುಕಾರರು, ಕಾಮರ್ಸ್ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು, ಎಲ್‌ಐಸಿ ಏಜೆಂಟ್ ಅಣ್ಣ, ಮತ್ತೆ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು. ಬಿಕಾಂ ಓದಿದ ಮೇಲೆ ಕಾಲೇಜಿನಿಂದ ತುಂಬಾ ದೂರ ಹೋಗಲಿಲ್ಲ ಅನ್ನಿ, ರಸ್ತೆ ದಾಟಿದೆ ಅಷ್ಟೆ.

"ಯೋಚನೆ ಯಾಕೆ ಸಾಹುಕಾರ್ರೇ?" ಎಂದ ಎಲ್‌ಐಸಿ ಅಣ್ಣ. "ಫೈನಾನ್ಸ್, ಮಾರ್ಕೆಟಿಂಗ್. ನಾನು ಎರಡನ್ನೂ ಓದದೇನೇ ಮಾಡ್ತಾ ಇದ್ದೀನಲ್ಲ. ಪಾಲಿಸಿ ಅನ್ನೋದು ಫೈನಾನ್ಸು. ಅದನ್ನ ನಿಮ್ಮ ತಲೆಗೆ ಕಟ್ಟೋದು ಮಾರ್ಕೆಟಿಂಗು."

"ಹೆಣ್ಣುಮಕ್ಕಳಿಗೆ ಎಚ್‌ಆರ್ ಒಳ್ಳೇದು ಅಂತಾರೆ ಎಲ್ಲರೂ," ಎಂದು ಸಾಹುಕಾರರು ಮೆಲ್ಲಗೆ ಹೇಳಿದರು.

"ಎಲ್ಲರೂ ಅಂದ್ರೆ ಯಾರು?" ಮೇಷ್ಟ್ರ ದನಿ ತರಗತಿಯ ದನಿ ಆಯಿತು. "ನಿಮ್ಮ ಮಂಡಿಯಲ್ಲಿ ಹಮಾಲರ ಜಗಳ ಬಿಡಿಸೋದು, ಮುಂಗಡ ಕೊಡೋದು, ಹಬ್ಬದ ಬೋನಸ್ಸಿಗೆ ಚೌಕಾಸಿ ಮಾಡೋದು ಯಾರು? ನೀವೇ ತಾನೇ? ಅದು ಎಚ್‌ಆರ್ ಅಲ್ವಾ? ಆವಾಗ ಗಂಡಸರ ಕೆಲಸ, ಮಗಳು ಓದುವಾಗ ಹೆಂಗಸರ ಕೆಲಸಾನಾ?"

ಸಾಹುಕಾರರು ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕತೊಡಗಿದರು.

ಮೇಷ್ಟ್ರಿಗೆ ಈಗ ಬಿಸಿ ಏರಿತ್ತು. "ಒಂದು ಮಾತು ಕೇಳಿ. ಮೂರು ವರ್ಷದ ಓದಿನಲ್ಲಿ ಈ ಆರಿಸೋ ಭಾಗ ಎಷ್ಟು? ಕೊನೇ ವರ್ಷದ ಕೆಲವೇ ಪೇಪರು. ಮಿಕ್ಕಿದ್ದೆಲ್ಲ ಎಲ್ಲರಿಗೂ ಒಂದೇ. ನಿಮ್ಮ ಮಗಳು ಆಗಲೇ ಮಾರ್ಕೆಟಿಂಗ್ ಓದಿದಾಳೆ, ಎಚ್‌ಆರ್ ಓದಿದಾಳೆ, ಫೈನಾನ್ಷಿಯಲ್ ಅಕೌಂಟಿಂಗ್, ಕಾಸ್ಟ್ ಅಕೌಂಟಿಂಗ್, ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಎಲ್ಲಾ ಆಯ್ತು. ಇನ್ನು ಮುಂದೆ ಇನ್‌ಕಮ್ ಟ್ಯಾಕ್ಸ್ ಇದೆ. ಅದನ್ನ ಬಿಡ್ತೀನಿ ಅಂದ್ರೂ ಬಿಡಲ್ಲ. ಎಚ್‌ಆರ್ ತಗೊಂಡ್ರೂ ಓದಬೇಕು, ರಿಟೇಲ್ ತಗೊಂಡ್ರೂ ಓದಬೇಕು."

"ಅದೊಂದು ನಮ್ಮನ್ನೂ ಬಿಡಲ್ಲ," ಎಂದರು ಸಾಹುಕಾರರು.

ಇಲ್ಲಿ ನಾನು ಬಾಯಿ ಹಾಕಿದೆ. ಯಾವ ವಿಷಯ ಕಷ್ಟ ಅಂತ ಯೂನಿವರ್ಸಿಟಿಗೆ ರಿಸಲ್ಟ್ ಬಂದ ಮೇಲೆ ಗೊತ್ತಾಗುತ್ತದೆ. ನನಗೆ ಪರೀಕ್ಷೆಯ ಹಿಂದಿನ ವಾರವೇ ಗೊತ್ತಾಗುತ್ತದೆ. ಕಾಸ್ಟ್ ಅಕೌಂಟಿಂಗ್ ಮತ್ತು ಸ್ಟ್ಯಾಟಿಸ್ಟಿಕ್ಸ್ ನೋಟ್ಸಿಗೆ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಮ್ಯಾನೇಜ್‌ಮೆಂಟ್ ಪ್ರಿನ್ಸಿಪಲ್ಸ್ ನೋಟ್ಸ್ ಯಾರೂ ಕೇಳುವುದಿಲ್ಲ. ಮ್ಯಾನೇಜ್‌ಮೆಂಟಿಗೆ ಹೆನ್ರಿ ಫಯೋಲ ಹೇಳಿದ 14 ಸೂತ್ರಗಳಲ್ಲಿ ಒಂಬತ್ತು ನೆನಪಿದ್ದರೆ ಮಿಕ್ಕ ಐದನ್ನು ನಮ್ಮ ಹುಡುಗರು ತಾವೇ ಹುಟ್ಟಿಸಿ ಬರೆದು ಬರುತ್ತಾರೆ.

"ಮತ್ತೆ ಪ್ರಾಜೆಕ್ಟ್ ರಿಪೋರ್ಟ್?" ಎಂದು ಮೇಷ್ಟ್ರು ಕಣ್ಣು ಕಿರಿದು ಮಾಡಿದರು.

ನಾನು ಮಿರ್ಚಿ ಬಾಯಿಗೆ ಹಾಕಿಕೊಂಡೆ. 'ಗ್ರಾಹಕರ ತೃಪ್ತಿ: ಒಂದು ಅಧ್ಯಯನ' ಎಂಬ ರಿಪೋರ್ಟಿಗೆ ಪ್ರತಿ ವರ್ಷ ಸ್ಪೈರಲ್ ಬೈಂಡಿಂಗ್ ಮಾಡಿಕೊಡುವವನು ನಾನು. ಒಂದು ವರ್ಷ ಬೈಕ್ ಶೋರೂಮ್, ಮರು ವರ್ಷ ಮೊಬೈಲ್ ಅಂಗಡಿ. ಗ್ರಾಹಕರು ಮಾತ್ರ ಪ್ರತಿ ಸಲವೂ ಅಷ್ಟೇ ತೃಪ್ತರು. ಇದನ್ನೆಲ್ಲ ಮೇಷ್ಟ್ರ ಮುಂದೆ ಹೇಳಲಿಕ್ಕಾಗುತ್ತದಾ?

ಎಲ್‌ಐಸಿ ಅಣ್ಣನಿಗೆ ಇನ್ನೊಂದು ಅನುಮಾನ ಬಂತು. "ಹೌದು ಮೇಷ್ಟ್ರೇ, ಇದೆಲ್ಲ ಯಾವಾಗ ಶುರು ಆಯ್ತು? ನಮ್ಮ ಅಜ್ಜಂದಿರು ಡಿಗ್ರಿ ಇಲ್ಲದೆ ವ್ಯಾಪಾರ ಮಾಡಲಿಲ್ವಾ?"

"ಅಮೆರಿಕದ ಫಿಲಡೆಲ್ಫಿಯಾದಲ್ಲಿ 1881ರಲ್ಲಿ ವಾರ್ಟನ್ ಸ್ಕೂಲ್ ಶುರು ಆಯ್ತು. ಕಾಲೇಜು ಮಟ್ಟದಲ್ಲಿ ವ್ಯಾಪಾರ ಕಲಿಸೋಕೆ. ನಮ್ಮಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜು, 1913. ಆದರೆ ಲೆಕ್ಕದ ಪದ್ಧತಿ ಹಳೇದು. ಈ ಡೆಬಿಟ್ಟು ಕ್ರೆಡಿಟ್ಟು ಇದೆಯಲ್ಲ, ವೆನಿಸ್ಸಿನ ವ್ಯಾಪಾರಿಗಳು ಬಳಸ್ತಾ ಇದ್ದದ್ದನ್ನ 1494ರಲ್ಲಿ ಅಚ್ಚು ಹಾಕಿಸಿದವನು ಲೂಕಾ ಪಾಚೋಲಿ. ಅವನೊಬ್ಬ ಸನ್ಯಾಸಿ."

"ಸನ್ಯಾಸಿಗೆ ಲೆಕ್ಕ ಯಾಕೆ ಬೇಕಿತ್ತು?" ಎಂದರು ಸಾಹುಕಾರರು.

"ನಮ್ಮ ಮಠಗಳು ಎಷ್ಟು ಕಾಲೇಜು ನಡೆಸ್ತಾವೆ, ಲೆಕ್ಕ ಹಾಕಿ. ಗೊತ್ತಾಗುತ್ತೆ."

ಸಾಹುಕಾರರು ಅಲ್ಲಿಂದಲೇ ಕೈ ಮುಗಿದು ವಿಷಯ ಬದಲಾಯಿಸಿದರು. ಅವರ ನಿಜವಾದ ತಲೆನೋವು ಬೇರೆ ಇತ್ತು. ಮಗನದು ಸೆಕೆಂಡ್ ಪಿಯುಸಿ ಮುಗಿದಿದೆ. ಅವನೂ ಬಿಬಿಎ ಅನ್ನುತ್ತಿದ್ದಾನೆ.

"ನನ್ನ ತಮ್ಮ ಓದಿದ್ದು ಬಿಬಿಎಂ. ಆಮೇಲೆ ಅದೇ ಬಿಬಿಎ ಆಯ್ತು. ಮಗಳು 2023ರಲ್ಲಿ ಸೇರಿದಳು. ನಾಲ್ಕು ವರ್ಷದ ಪದ್ಧತಿ, ಒಂದು ವರ್ಷಕ್ಕೆ ಬಿಟ್ರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್ ಅಂದ್ರು. ಈಗ ಮಗ ಸೇರೋಕೆ ಹೋದ್ರೆ ಮೂರೇ ವರ್ಷ ಅಂತಾರೆ. ಒಂದೇ ಮನೆ, ಒಂದೇ ಕೋರ್ಸು, ಮೂರು ಜನಕ್ಕೆ ಮೂರು ಥರ. ನಾನು ಯಾವುದಕ್ಕೆ ಅಂತ ದುಡ್ಡು ಎತ್ತಿಡಲಿ?"

ಮೇಷ್ಟ್ರು ಬಿಡಿಸಿ ಹೇಳಿದರು. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಆಮೇಲೆ ಸರ್ಕಾರ ಬದಲಾಯಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯದ್ದೇ ನೀತಿಗೆ ಆಯೋಗ ಕೂತಿತು. ಅದರ ಮಧ್ಯಂತರ ವರದಿ ಹಿಡಿದುಕೊಂಡು 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂತು. ಸಾಲದ್ದಕ್ಕೆ ಅದೇ ವರ್ಷದಿಂದ ಬಿಬಿಎ, ಬಿಸಿಎ ಎರಡನ್ನೂ ದೆಹಲಿಯ ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ, ತನ್ನ ಕೈಗೆ ತೆಗೆದುಕೊಂಡಿತು. ಅಲ್ಲಿಯವರೆಗೆ ಹೆಚ್ಚಾಗಿ ಎಂಜಿನಿಯರಿಂಗ್ ಕಾಲೇಜಿನವರು ಜಪಿಸುತ್ತಿದ್ದ ಹೆಸರು ಅದು. ಬಿಕಾಂ ಅದರ ಕೆಳಗೆ ಬರಲಿಲ್ಲ. ಪಕ್ಕಪಕ್ಕದ ತರಗತಿ, ಒಂದೇ ಲೆಕ್ಕದ ಪುಸ್ತಕ, ಯಜಮಾನರು ಮಾತ್ರ ಬೇರೆ ಬೇರೆ.

"ಮತ್ತೆ ಆ ಓಪನ್ ಎಲೆಕ್ಟಿವ್ ಏನದು?" ಎಂದ ಎಲ್‌ಐಸಿ ಅಣ್ಣ. "ನನ್ನ ಅಕ್ಕನ ಮಗನಿಗೂ ಇತ್ತು."

"ಕಾಮರ್ಸಿನವರು ಬೇರೆ ವಿಭಾಗದ ವಿಷಯ ಒಂದನ್ನ ರುಚಿ ನೋಡಲಿ ಅಂತ ಮಾಡಿದ್ದು. ಒಳ್ಳೇ ಯೋಚನೇನೇ. ಬಿಬಿಎ ಹುಡುಗಿ ಸೈಕಾಲಜಿ ಓದಬಹುದು, ಬಿಎಸ್‌ಸಿ ಹುಡುಗ ಷೇರು ಪೇಟೆ ತಿಳ್ಕೋಬಹುದು. ಆದರೆ ಬರೀ ಕಾಮರ್ಸ್ ಇರೋ ಕಾಲೇಜಿನಲ್ಲಿ ಸೈಕಾಲಜಿ ಎಲ್ಲಿಂದ ತರ್ತಾರೆ? ಅಲ್ಲಿ ಕಾಮರ್ಸಿನವರಿಗೆ ಕಾಮರ್ಸಿನವರೇ ಬೇರೆ ಹೆಸರಲ್ಲಿ ಕಾಮರ್ಸ್ ಬಡಿಸಿದ್ರು."

ಇದೇ ನನಗೂ ಅನ್ನಿಸುವುದು. ಸಿಲೆಬಸ್ ಪುಸ್ತಕದ ಪ್ರಿಂಟ್ ತೆಗೆದಾಗ ಆರು ಗುಂಪು ಕಾಣುತ್ತದೆ. ಕಾಲೇಜಿನ ನೋಟಿಸ್ ಬೋರ್ಡಿಗೆ ಬರುವ ಹೊತ್ತಿಗೆ ಅದು ಮೂರಾಗಿರುತ್ತದೆ. ಪಾಠ ಮಾಡಲು ಇರುವುದು ಅಷ್ಟೇ ಜನ. ಅವರಲ್ಲೂ ಅರ್ಧ ಅತಿಥಿ ಉಪನ್ಯಾಸಕರು, ಸಂಬಳ ಬಂದ ತಿಂಗಳು ಬಂತು, ಬರದ ತಿಂಗಳು ಇಲ್ಲ. ಡೇಟಾ ಅನಾಲಿಟಿಕ್ಸ್ ಬೇಕು ಎಂದರೆ ಲ್ಯಾಬ್ ಬೇಕು, ಲ್ಯಾಬಿನಲ್ಲಿ ಕರೆಂಟ್ ಬೇಕು. ಹಾಗಾಗಿ ಹುಡುಗರು ಸ್ಪೆಷಲೈಸೇಶನ್ ಆರಿಸುತ್ತಾರೆ ಅನ್ನುವುದಕ್ಕಿಂತ ಟೈಮ್ ಟೇಬಲ್ ಅವರಿಗಾಗಿ ಆರಿಸುತ್ತದೆ ಅನ್ನುವುದೇ ಸರಿ. ಅಪ್ಪಂದಿರು ಮಾತ್ರ ಇಲ್ಲಿ ಕೂತು ಜಾತಕ ಹೊಂದಿಸುತ್ತಾರೆ. ಫೈನಾನ್ಸಿಗೆ ಎಚ್‌ಆರ್ ಕೂಡುತ್ತಾ? ಮಾರ್ಕೆಟಿಂಗಿಗೆ ರಿಟೇಲ್ ಸಗೋತ್ರ ಆಗಲ್ವಾ?

"ನಿಜ," ಎಂದರು ಮೇಷ್ಟ್ರು. "ನನಗೂ ಒಂದು ವರ್ಷ ಹಾಗೇ ಎಚ್‌ಆರ್ ಕೊಟ್ರು. ನಾನು ಜೀವಮಾನವೆಲ್ಲ ಅಕೌಂಟ್ಸ್ ಹೇಳಿದವನು. ಮ್ಯಾಸ್ಲೊ ಅಂತ ಒಬ್ಬ 1943ರಲ್ಲಿ ಬರೆದಿದ್ದಾನೆ, ಮನುಷ್ಯನಿಗೆ ಮೊದಲು ಹೊಟ್ಟೆ, ಆಮೇಲೆ ಭದ್ರತೆ, ಆಮೇಲೆ ಪ್ರೀತಿ, ಮರ್ಯಾದೆ, ಕೊನೆಗೆ ತಾನು ಏನಾಗಬಲ್ಲನೋ ಅದಾಗೋದು. ಹಿಂದಿನ ರಾತ್ರಿ ನಾನು ಕಲ್ತು, ಬೆಳಿಗ್ಗೆ ಅವರಿಗೆ ಕಲಿಸ್ದೆ."

"ಎರಡನೇದು ಭದ್ರತೆ ಅಂದ್ರಲ್ಲ," ಎಲ್‌ಐಸಿ ಅಣ್ಣ ಬೆಂಚಿನ ಮೇಲೆ ನೆಟ್ಟಗೆ ಕೂತ. "ಅದು ನಮ್ಮ ಇಲಾಖೆ."

"ಮೊದಲನೇದು ಇನ್ನೂ ಮುಗಿದಿಲ್ಲ, ಸುಮ್ನೆ ಇರಪ್ಪ," ಎಂದು ಸಾಹುಕಾರರು ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ನೋಡಿದರೆ ಸಾಹುಕಾರರ ಮಗಳು.

"ಅಂಕಲ್, ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತೀರಾ? ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಪ್ರಿಂಟ್ ತೆಗೀಬೇಕಿತ್ತು. ಲಾಜಿಸ್ಟಿಕ್ಸ್ ಗುಂಪಿಗೆ ಹದಿನೈದು ಜನ ಸೇರಿದರೆ ಮಾತ್ರ ಕ್ಲಾಸ್ ನಡೆಸ್ತೀವಿ ಅಂದಿದಾರೆ. ನಾನು ಹದಿನೆಂಟು ಜನರ ಸಹಿ ಮಾಡಿಸ್ತಾ ಇದ್ದೀನಿ. ಪಾಠಕ್ಕೆ ಟ್ರಾನ್ಸ್‌ಪೋರ್ಟ್ ಆಫೀಸಿನ ಮ್ಯಾನೇಜರ್ ಒಬ್ಬರು ವಾರಕ್ಕೆರಡು ದಿನ ಬರ್ತೀನಿ ಅಂತ ಒಪ್ಪಿದಾರೆ."

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಸಾಹುಕಾರರ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

"ಏನವ್ವಾ, ಲಾರಿ ಗೀರಿ ವಿಷಯ ನಿನಗ್ಯಾಕೆ? ಸುಮ್ನೆ ಫೈನಾನ್ಸ್ ತಗೋಬಾರ್ದಾ?"

"ಫೈನಾನ್ಸೂ ತಗೊಂಡಿದೀನಿ ಅಪ್ಪ, ಎರಡು ಆರಿಸಬಹುದಲ್ಲ. ಹೋದ ವಾರ ನಿಮ್ಮ ಮೆಕ್ಕೆಜೋಳದ ಲಾರಿ ನಾಮಕ್ಕಲ್‌ನ ಕೋಳಿ ಫೀಡ್ ಫ್ಯಾಕ್ಟರಿಗೆ ಹೋಯ್ತಲ್ಲ, ವಾಪಸ್ ಏನು ತುಂಬ್ಕೊಂಡು ಬಂತು?"

"ಏನೂ ಇಲ್ಲ. ಖಾಲಿ ಬಂತು."

"ಡೀಸೆಲ್ ಯಾರ ದುಡ್ಡು?"

ಸಾಹುಕಾರರು ನಮ್ಮ ಕಡೆ ನೋಡಿದರು. ನಾವು ಮಂಡಕ್ಕಿ ಕಡೆ ನೋಡಿದೆವು. ಮೇಷ್ಟ್ರು ಮಾತ್ರ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಡುವಾಗಿನ ಮುಖ ಮಾಡಿಕೊಂಡು ಟೀ ಹೀರುತ್ತಿದ್ದರು.

"ಬೆಳಿಗ್ಗೆ ಒಂಬತ್ತಕ್ಕೆ ಬಾರಮ್ಮ," ಎಂದೆ ನಾನು. "ಅರ್ಜಿಗೆ ದುಡ್ಡು ಬೇಡ. ಅಪ್ಪನ ಲೆಕ್ಕಕ್ಕೆ ಬರ್ಕೋತೀನಿ."

ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಎಲ್‌ಐಸಿ ಅಣ್ಣ ಗಂಟಲು ಸರಿಮಾಡಿಕೊಂಡ.

"ಅಲ್ಲ ಸಾಹುಕಾರ್ರೇ, ಆ ನಾಮಕ್ಕಲ್ ಲಾರಿ ಡ್ರೈವರು ಇದಾನಲ್ಲ, ಅವನಿಗೆ ಪಾಲಿಸಿ ಇದೆಯಾ?"