‘ಗೇರ್ ಲಾಕ್ ಆಗಿದೆ’ ಅಂದರೆ ಯಾವ ಲಾಕ್?

ಗೆಳೆಯರೇ,

ಆಟೊಮ್ಯಾಟಿಕ್ ಕಾರಿನ ಗೇರ್ ತೊಂದರೆಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೆ. ‘ಶಿಫ್ಟ್ ಇಂಟರ್‌ಲಾಕ್’ ಬಂದಾಗ ಕೈ ನಿಂತುಬಿಟ್ಟಿತು. ಮೊದಲು ‘ಗೇರ್ ಬೀಗ’ ಎಂದು ಬರೆದೆ. ಓದಿದರೆ ಕಳ್ಳರ ಭಯಕ್ಕೆ ಹಾಕಿಸುವ ಬೀಗದ ಹಾಗಿತ್ತು. ‘ಅಂತರ್ಬಂಧ’ ಅಂದರೆ ವ್ಯಾಕರಣದ ಪಾಠ ಅನಿಸುತ್ತದೆ, ಅಲ್ವಾ?

ಇದರ ಕೆಲಸ ಇಷ್ಟೇ. ಬ್ರೇಕ್ ತುಳಿಯದೆ ಗೇರ್ ಲಿವರ್ ‘ಪಿ’ (ಪಾರ್ಕಿಂಗ್) ಬಿಟ್ಟು ಕದಲಬಾರದು. ತುಳಿದಾಗ ಬ್ರೇಕ್ ಸ್ವಿಚ್‌ನಿಂದ ಸುದ್ದಿ ಹೋಗುತ್ತದೆ, ಲಿವರ್ ಬುಡದ ಸೊಲೆನಾಯ್ಡ್ (ಕರೆಂಟ್ ಹರಿದಾಗ ಕದಲುವ ಪುಟ್ಟ ಕಡ್ಡಿಯ ಸಾಧನ) ‘ಟಕ್’ ಎಂದು ತಡೆ ಬಿಡಿಸುತ್ತದೆ. ಬೀಗಕ್ಕೆ ಬೇಕಾದದ್ದು ಕೀಲಿಕೈ, ಇದಕ್ಕೆ ಬೇಕಾದದ್ದು ಷರತ್ತು. ರೈಲಿನ ಇಂಟರ್‌ಲಾಕಿಂಗ್ ಕೂಡ ಇದೇ ಜಾತಿ: ಹಳಿ ಸರಿಯಾಗಿ ಕೂರದೆ ಸಿಗ್ನಲ್ ಹಸಿರಾಗದು. ಇಂಟರ್‌ಲಾಕ್ ಇಟ್ಟಿಗೆಯಲ್ಲಿ ಮಾತ್ರ ಆ ಪದಕ್ಕೆ ಒಂದರೊಳಗೊಂದು ಕೂರುವುದು ಎಂದಷ್ಟೇ ಅರ್ಥ. ಹಾಗಾಗಿ ‘ಹೆಣೆ’, ‘ಬೆಸೆ’ ಇಟ್ಟುಕೊಂಡು ಕಟ್ಟಿದ ಪದ ಇಟ್ಟಿಗೆಗೆ ಒಪ್ಪುತ್ತದೆ, ಕಾರಿಗೆ ಒಪ್ಪದು.

ಜಾಸ್ತಿ ತಲೆನೋವು ನಮ್ಮ ಮಾತಿನದೇ. ಏನಾದರೂ ‘ಗೇರ್ ಲಾಕ್ ಆಗಿದೆ’ ಎಂದುಬಿಡುತ್ತೇವೆ. ಬ್ರೇಕ್ ತುಳಿದರೂ ಲಿವರ್ ಕದಲದಿದ್ದರೆ ಮೊದಲು ಹಿಂದಿನ ಬ್ರೇಕ್ ಲೈಟ್ ನೋಡಬೇಕು. ಅದೂ ಹತ್ತದಿದ್ದರೆ ಅನುಮಾನ ಸ್ವಿಚ್ ಅಥವಾ ಫ್ಯೂಸ್ ಮೇಲೆ. ಲೈಟ್ ಹತ್ತಿಯೂ ‘ಟಕ್’ ಕೇಳಿಸದಿದ್ದರೆ ಸೊಲೆನಾಯ್ಡ್ ಅಥವಾ ಅದರ ವೈರಿಂಗ್ ನೋಡಬೇಕು. ಬ್ಯಾಟರಿ ಇಳಿದಿದ್ದರೂ ಹೀಗಾಗುವುದುಂಟು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ‘ಪಿ’ಯಲ್ಲಿ ನಿಲ್ಲಿಸಿದಾಗ ಲಿವರ್ ಬಿಗಿಯುವುದು ಬೇರೆಯೇ ಕತೆ. ಅಲ್ಲಿ ಗೇರ್‌ಬಾಕ್ಸ್ ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡ ಪುಟ್ಟ ಲೋಹದ ತುಂಡೊಂದು ಕಾರನ್ನು ಹಿಡಿದು ನಿಂತಿರುತ್ತದೆ. ಇನ್ನು ಲಿವರ್ ಸಲೀಸಾಗಿ ಆಡಿಯೂ ಗೇರ್ ಬದಲಾಗದಿದ್ದರೆ? ಲಿವರನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಕೇಬಲ್ ಕಳಚಿರಬಹುದು, ಅದರ ತುದಿಯ ಬುಷ್ (ಜೋಡಣೆಯ ಪುಟ್ಟ ಬಳೆ) ಸವೆದಿರಬಹುದು. ಅಲ್ಲಿ ಲಾಕ್ ಆದದ್ದು ಏನೂ ಇಲ್ಲ! ಇದನ್ನೂ ಲಾಕ್ ಎಂದರೆ ಮೆಕ್ಯಾನಿಕ್ ಸುಮ್ನೆ ಬೇರೆ ಕಡೆ ಬಿಚ್ಚಿ ಕೂರುತ್ತಾನೆ.

ನನ್ನ ಸಲಹೆ: ಗೇರ್‌ಬಾಕ್ಸ್ ಒಳಗಿನ ಆ ಲೋಹದ ತುಂಡಿಗೆ ‘ಕೊಕ್ಕೆ’, ಇಂಟರ್‌ಲಾಕ್‌ಗೆ ‘ಅಗುಳಿ’. ಹೊರಗಿನವರು ಎಷ್ಟು ತಳ್ಳಿದರೂ ಒಳಗಿದ್ದವರು ಅಗುಳಿ ತೆಗೆಯದೆ ಬಾಗಿಲು ತೆರೆಯದು. ಇಲ್ಲೂ ಲಿವರ್ ಎಷ್ಟು ಎಳೆದರೂ ಅಷ್ಟೇ, ಒಳಗಿನ ಸೊಲೆನಾಯ್ಡ್ ಮನಸ್ಸು ಮಾಡಬೇಕು. ಎಷ್ಟೋ ಕಾರುಗಳಲ್ಲಿ ಲಿವರ್ ಪಕ್ಕ ಚಿಕ್ಕ ಮುಚ್ಚಳವಿದ್ದು, ಅದರೊಳಗೆ ಒತ್ತಿದರೆ ಈ ತಡೆ ಕೈಯಿಂದಲೇ ಬಿಡುತ್ತದೆ. ಅದಕ್ಕೆ ‘ಅಗುಳಿ ತೆಗೆಯುವ ಗುಂಡಿ’ ಎಂದರೆ ಯಾರಿಗಾದರೂ ತಿಳಿಯುತ್ತದೆ. ಗೇರ್ ಆರಿಸುವ ಸೆಲೆಕ್ಟರ್‌ಗೆ ನಾನು ಪದ ಹುಡುಕುವುದಿಲ್ಲ, ಲಿವರ್ ಸಾಕು.

ಒಂದೇ ಕೊರತೆ, ಅಗುಳಿಯಲ್ಲಿ ಷರತ್ತಿನ ಅರ್ಥ ಬರುವುದಿಲ್ಲ. ‘ಇದಾಗದೆ ಅದು ಬಿಡದು’ ಎಂಬುದನ್ನು ಹೇಳುವ ಪದ ಮಗ್ಗ, ಗಾಣ, ಏತ ಇಂಥ ಕೆಲಸಗಳ ಮಾತಿನಲ್ಲಿ ನಿಮ್ಮ ಕಿವಿಗೆ ಬಿದ್ದಿದೆಯೇ?