ಪ್ರಶ್ನೋತ್ತರ: ಇಬ್ಬರಿಗೂ ಸಂಬಳ, ಡಿಡಕ್ಷನ್ ಯಾರ ಲೆಕ್ಕಕ್ಕೆ?

ತುಮಕೂರು: ಆಡಿಟರ್ ಮೇಡಂ, ನಮಸ್ಕಾರ. 2025-26ರ ಲೆಕ್ಕ. ನನಗೆ 22 ಲಕ್ಷ ಸಂಬಳ, ಹೆಂಡತಿಗೆ 11 ಲಕ್ಷ. ವಾಸದ ಮನೆಯ ಸಾಲ ಇಬ್ಬರ ಹೆಸರಲ್ಲಿದೆ, ಇಎಂಐ ಅರ್ಧರ್ಧ ಕಟ್ಟುತ್ತೇವೆ. ಕ್ರಯಪತ್ರ ನನ್ನ ಹೆಸರಲ್ಲಿ ಮಾತ್ರ. ಬಡ್ಡಿಗೆ ತಲಾ 2 ಲಕ್ಷ ತೋರಿಸಬಹುದಾ?

ಆಡಿಟರ್: ನಮಸ್ಕಾರ. ಆಗುವುದಿಲ್ಲ. ಸಾಲದಲ್ಲಿ ಹೆಸರಿದ್ದರೆ ಸಾಲದು, ಮನೆಯಲ್ಲಿ ಪಾಲೂ ಇರಬೇಕು. ಆದರೆ ನಿಮಗೆ ಅದು ಬೇಕಾಗಿಯೇ ಇಲ್ಲ. ನಿಮ್ಮ ಮನೆಯವರು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ (ದರ ಕಡಿಮೆ, ಆದರೆ ಹಳೇ ಪದ್ಧತಿಯ ಬಹುತೇಕ ಡಿಡಕ್ಷನ್ ಇಲ್ಲ) 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 10.25 ಲಕ್ಷ ಉಳಿಯುತ್ತದೆ. 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ ಇದೆ, ತೆರಿಗೆ ಸೊನ್ನೆ. ಸೊನ್ನೆಯಲ್ಲಿ ಇನ್ನೇನು ಕಳೆಯುತ್ತೀರಿ?

ಇನ್ನು ನಿಮ್ಮದು. ಹಳೇ ಪದ್ಧತಿಯಲ್ಲಿ ಬಡ್ಡಿ 2 ಲಕ್ಷ, 80ಸಿ (ಪಿಎಫ್, ಎಲ್‌ಐಸಿಯಂಥವು) 1.5 ಲಕ್ಷ, ಆರೋಗ್ಯ ವಿಮೆ 25,000 ಎಲ್ಲ ತೋರಿಸಿದರೂ ಸೆಸ್ ಸೇರಿ 3,58,800 ಬರುತ್ತದೆ. ಹೊಸದರಲ್ಲಿ ಇದ್ಯಾವುದೂ ಇಲ್ಲದೆ 2,40,500. ಇಬ್ಬರೂ ಒಂದೇ ಪದ್ಧತಿ ಆರಿಸಬೇಕೆಂದೇನೂ ಇಲ್ಲ, ನಿಮ್ಮ ವಿಷಯದಲ್ಲಿ ಇಬ್ಬರಿಗೂ ಹೊಸದೇ ಲಾಭ.

ನನಗೆ ಚಿಂತೆ ಬೇರೆ. ಅರ್ಧ ಇಎಂಐ ಕಟ್ಟುವವರ ಹೆಸರು ಪತ್ರದಲ್ಲೇ ಇಲ್ಲ. ಕಂತು ತಪ್ಪಿದರೆ ಬ್ಯಾಂಕ್ ಅವರನ್ನೂ ಹಿಡಿಯುತ್ತದೆ. ಮನೆ ಮಾರುವಾಗ ಅವರ ಸಹಿ ಯಾರೂ ಕೇಳುವುದಿಲ್ಲ. ಬ್ಯಾಂಕಿನ ಒಪ್ಪಿಗೆ ಪಡೆದು ಪಾಲು ಬರೆದುಕೊಡಿ. ಸುಮ್ನೆ ದಾನವಾಗಿ ಕೊಟ್ಟ ಪಾಲಿಗೆ ತೆರಿಗೆ ಲೆಕ್ಕದಲ್ಲಿ ನೀವೇ ಮಾಲೀಕರು. ಹಾಗಾಗಿ ತೆರಿಗೆ ಉಳಿಸುವ ಆಸೆಯಿಂದ ಮಾಡಬೇಡಿ, ನ್ಯಾಯಕ್ಕಾಗಿ ಮಾಡಿ.

ಹುಬ್ಬಳ್ಳಿ: ಅತ್ತೆ ಮಾವನ ಆರೋಗ್ಯ ವಿಮೆ ನಾನು ಕಟ್ಟುತ್ತೇನ್ರಿ. 80ಡಿ (ಆರೋಗ್ಯ ವಿಮೆಯ ಡಿಡಕ್ಷನ್) ಸಿಗುತ್ತದಾ?

ಆಡಿಟರ್: ನಿಮಗಿಲ್ಲ. ಅವರ ಮಗಳು ತನ್ನ ಖಾತೆಯಿಂದ ಕಟ್ಟಿದರೆ ಮಗಳಿಗೆ ಸಿಗುತ್ತದೆ, ಹಳೇ ಪದ್ಧತಿಯಲ್ಲಿ. ಕ್ಯಾಶ್ ಬೇಡ.

ಕಲಬುರಗಿ: ಮಕ್ಕಳ ಶಾಲೆ ಫೀಸು ಇಬ್ಬರೂ ತೋರಿಸಬಹುದಾ ಮೇಡಂ?

ಶಿವಮೊಗ್ಗ: (ಫಾರ್ವರ್ಡ್) ಹೆಂಡತಿಯ ಖಾತೆಗೆ 10 ಲಕ್ಷ ಗಿಫ್ಟ್ ಹಾಕಿ ಎಫ್‌ಡಿ ಮಾಡಿಸಿ. ಬಡ್ಡಿಗೆ ತೆರಿಗೆ ಇಲ್ಲ!! ಎಲ್ಲರಿಗೂ ಹಂಚಿ.

ಆಡಿಟರ್: ದಯವಿಟ್ಟು ಹಂಚಬೇಡಿ. ಗಿಫ್ಟಿಗೆ ತೆರಿಗೆ ಇಲ್ಲ, ನಿಜ. ಬಡ್ಡಿ ಮಾತ್ರ ಸೆಕ್ಷನ್ 64ರ ಪ್ರಕಾರ ಕೊಟ್ಟ ಗಂಡನ ಆದಾಯಕ್ಕೇ ಸೇರುತ್ತದೆ. ಇದನ್ನು ಎಷ್ಟು ಸಲ ಬರೆಯಬೇಕು?

ಮೈಸೂರು: ನಮ್ಮ ಆಫೀಸಲ್ಲಿ ಎಲ್ಲರೂ ಮಾಡುತ್ತಾರೆ. ಯಾರಿಗೂ ನೋಟಿಸ್ ಬಂದಿಲ್ಲ.

ಧಾರವಾಡ: ಬಂದವರು ಆಫೀಸಲ್ಲಿ ಹೇಳಿಕೊಂಡು ತಿರುಗುತ್ತಾರಾ?

ಮೈಸೂರು: ನೀವೇನು ಇಲಾಖೆಯವರಾ?

ಬೆಂಗಳೂರು: ಎಲ್ಲ ಹೆಂಡತಿ ಹೆಸರಲ್ಲೇ ಅಂತೀರಿ. ಆ ಎಫ್‌ಡಿ ಮುರಿಸಲು ಅವಳಿಗೆ ಬಿಡುತ್ತೀರಾ?

ಮೈಸೂರು: ಮೇಡಂ, ಸುಮ್ನೆ ವಿಷಯ ಬೇರೆ ಕಡೆ ಎಳೆಯಬೇಡಿ.

ಬೆಂಗಳೂರು: ಉತ್ತರ ಗೊತ್ತಾಯಿತು ಬಿಡಿ.

ಮಂಗಳೂರು: ಮನೆ ಹೆಂಡತಿ ಹೆಸರಲ್ಲಿದೆ, ದುಡ್ಡು ಪೂರ್ತಿ ನನ್ನದು. ಅವಳಿಗೇ ಬಾಡಿಗೆ ಕೊಟ್ಟು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸಲಾ?

ಆಡಿಟರ್: ಬೇಡ. ನಿಮ್ಮ ಮನೆಗೆ ನೀವೇ ಬಾಡಿಗೆ ಕೊಟ್ಟ ಹಾಗಾಯಿತು.

ಹಾಸನ: ಹೆಂಡತಿ ಹೆಸರಲ್ಲಿ ಎಫ್‌ಡಿ ಇಟ್ಟರೆ ತೆರಿಗೆ ಉಳಿಯುತ್ತದಂತೆ, ಹೌದಾ?

ಆಡಿಟರ್: ಮೇಲೆ ಓದಿ.

ತುಮಕೂರು: ಮೇಡಂ, ನಿಮ್ಮ ಉತ್ತರ ಮನೆಯಲ್ಲಿ ತೋರಿಸಿದೆ. ಇನ್ನು ಇಎಂಐ ಕಟ್ಟಲ್ಲ ಅಂತಿದ್ದಾಳೆ.

ಆಡಿಟರ್: ಕಟ್ಟದಿದ್ದರೆ ಇಬ್ಬರ ಸಿಬಿಲ್ ಸ್ಕೋರೂ ಹಾಳಾಗುತ್ತದೆ. ನೀವು ಮೊದಲು ಬ್ಯಾಂಕಿಗೆ ಹೋಗಿ.

ಕಲಬುರಗಿ: ಶಾಲೆ ಫೀಸು ಮೇಡಂ?